ಒಂಟೆ ಅಜ್ಜಯ್ಯನ ನಕ್ಷೆ

ಯಗಟಿಯ ಸಾವಿತ್ರಮ್ಮನ ದೇವರಕೋಣೆಯಲ್ಲಿ ದೇವರುಗಳಿಗೇನೂ ಬರವಿರಲಿಲ್ಲ. ಆದರೆ ಮಳೆ ಕೇಳಬೇಕಾದಾಗ ಮಾತ್ರ ಆಕೆ ಎಲ್ಲರನ್ನೂ ದಾಟಿ ಒಂಟೆ ಅಜ್ಜಯ್ಯನ ಮುಂದೆ ಹೋಗಿ ಕೂರುತ್ತಿದ್ದಳು. ಗಾಜಿನ ಕಟ್ಟು ಹಾಕಿದ ದೊಡ್ಡ ಪಟ ಅದು. ಗಂಡ ಪಂಚಾಕ್ಷರಪ್ಪ ಪ್ರಾಯದಲ್ಲಿ ಕೊಬ್ಬರಿ ಲಾರಿಯ ಜೊತೆ ರಾಜಸ್ಥಾನಕ್ಕೆ ಹೋಗಿದ್ದಾಗ ಅಲ್ಲಿಯ ಸೇಠು ಹಳೇ ಸಾಮಾನಿನಿಂದ ಹುಡುಕಿ ಕೊಟ್ಟದ್ದು. ಗಾಜಿನ ತುಂಬ ಹಳೇ ಧೂಳು, ನಡುವೆ ಮಾತ್ರ ಒಂದು ಒಂಟೆ ಕಾಣುತ್ತಿತ್ತು. ಅದರ ಮೇಲೆ ಭಾರಿ ರುಮಾಲಿನ, ಎದೆಯುದ್ದ ಗಡ್ಡದ ಮುದುಕ. ಕಣ್ಣು ಮುಚ್ಚಿದೆ, ಮಡಿಲಲ್ಲಿ ಕೊಡವಿದೆ. ಮಹಾತ್ಮ ಎನ್ನಲು ಇನ್ನೇನು ಬೇಕು? ಲಾರಿಯಿಂದಿಳಿದು ಬಂದ ಗಂಡ ಸ್ನಾನ ಮುಗಿಸುವಷ್ಟರಲ್ಲಿ ಪಟ ಗೋಡೆ ಏರಿತ್ತು, ಹಣೆಗೆ ವಿಭೂತಿ ಬಿದ್ದಿತ್ತು, ಮಂಗಳಾರತಿಯೂ ಆಗಿಹೋಗಿತ್ತು. ಏನೋ ಹೇಳಲು ಬಾಯಿ ತೆರೆದ ಪಂಚಾಕ್ಷರಪ್ಪ ಪ್ರಸಾದದ ಬಾಳೆಹಣ್ಣು ಬಾಯಿಗೆ ಹಾಕಿಕೊಂಡು ಸುಮ್ಮನಾದ.

ಆ ವರ್ಷ ಹದವಾಗಿ ಮಳೆಯಾಯಿತು. ಅಜ್ಜಯ್ಯನ ಹೆಸರು ಕೇರಿಗೆಲ್ಲ ಹಬ್ಬಿತು. ಅಂದಿನಿಂದ ರಾಗಿ ಬಿತ್ತುವ ಮುಂಚಿನ ಸೋಮವಾರ ಕೇರಿಯ ಹೆಂಗಸರು ಹಿಡಿ ಬಿತ್ತನೆ ರಾಗಿ ಸೆರಗಿಗೆ ಕಟ್ಟಿಕೊಂಡು ಬಂದು ಪಟಕ್ಕೆ ಮುಟ್ಟಿಸಿಕೊಂಡು ಹೋಗುವುದು ರೂಢಿಯಾಯಿತು. ಮಳೆ ಕೈಕೊಟ್ಟ ವರ್ಷ, ಯಾರೋ ಎಡಗೈಲಿ ಮುಟ್ಟಿಸಿದ್ದಾರೆ ಎಂದು ಸಾವಿತ್ರಮ್ಮ ತೀರ್ಪು ಕೊಡುತ್ತಿದ್ದಳು. ಕೇರಿಯಲ್ಲಿ ಆಕೆಗಿದ್ದ ಮರ್ಯಾದೆಯೆಲ್ಲ ಈ ಪಟದ್ದೇ.

ಈ ಸಲದ ಸೋಮವಾರ ಬೆಳಿಗ್ಗೆ ಹೊಸ ಸೊಸೆ ಕೋಮಲಾ ಪಟವನ್ನು ಕೆಳಗಿಳಿಸಿ, ಗಾಜಿನ ಮೇಲೆ ಗಟ್ಟಿಯಾಗಿದ್ದ ಧೂಳು, ಹೊಗೆ, ವಿಭೂತಿಯನ್ನೆಲ್ಲ ಉಜ್ಜಿ ತೆಗೆದಳು. ಒಳಗಿನಿಂದ ಊರುಗಳು, ರೈಲುದಾರಿ, ಟಗರಿಗೆ ಹೆದರಿ ಓಡುತ್ತಿರುವ ದಪ್ಪ ಹೊಟ್ಟೆಯ ಪೊಲೀಸು, ಎಲ್ಲ ಹೊರಬಂದವು.

"ಅತ್ತೆ, ಇದು ಮ್ಯಾಪು ಕಣತ್ತೆ. ಮರಳುಗಾಡಿಂದು. ತಮಾಷೆಗೆ ಬರ್ದಿರೋದು."

"ಮತ್ತೆ ಅಜ್ಜಯ್ಯ?"

ಕೋಮಲಾ ನಗು ನುಂಗಿಕೊಂಡು ಕೆಳಗಿದ್ದ ಇಂಗ್ಲಿಷ್ ಸಾಲನ್ನು ಕನ್ನಡದಲ್ಲಿ ಹೇಳಿದಳು. "ಮಳೆ ಬರ್ಲಿ ಅಂತ ಕೊಡ ಹಿಡ್ಕೊಂಡು ಕಾಯ್ತಾ ಕಾಯ್ತಾ ಹಂಗೇ ನಿದ್ದೆ ಹೋದವನು, ಅಂತಿದೆ."

ಸಾವಿತ್ರಮ್ಮ ಬಗ್ಗಿ ಪಟವನ್ನು ನೋಡಿದಳು. ಮಳೆಯನ್ನೇ ಕಾಣದವನ ಹತ್ತಿರ ಇಷ್ಟು ವರ್ಷ ಮಳೆ ಬೇಡಿದ್ದಾಯಿತು. ಧ್ಯಾನ ಎಂದುಕೊಂಡದ್ದು ನಿದ್ದೆ. ಆಕೆ ಜಗುಲಿಯಲ್ಲಿ ಕೂತಿದ್ದ ಗಂಡನತ್ತ ತಿರುಗಿದಳು. "ಅಲ್ಲಾ ಕಣ್ರೀ, ನಿಮಗೆ ಗೊತ್ತಿತ್ತಾ?"

"ಹೇಳಾಣ ಅಂತಲೇ ಬಂದೆ," ಎಂದ ಪಂಚಾಕ್ಷರಪ್ಪ. "ನೀನು ಆಗ್ಲೇ ಮಂಗಳಾರತಿ ಮಾಡ್ಬಿಟ್ಟಿದ್ದೆ. ಆಮೇಲೆ ಮಳೆನೂ ಬಂದ್ಬಿಡ್ತು. ನಾನೇನು ಮಾಡ್ಲಿ?"

ಇನ್ನೇನು ಹೆಂಗಸರು ಬರುವ ಹೊತ್ತು. "ಯಾರಿಗೂ ಹೇಳೋದು ಬೇಡ ಅತ್ತೆ, ವಿಭೂತಿ ಮತ್ತೆ ಬಳಿದ್ಬಿಡ್ತೀನಿ," ಎಂದಳು ಕೋಮಲಾ. ಸಾವಿತ್ರಮ್ಮನಿಗೂ ಆಸೆಯಾಗದೆ ಇರಲಿಲ್ಲ. ಪಕ್ಕದ ಮನೆಯ ಪಂಕಜಾಕ್ಷಿಗೆ ತಿಳಿದರೆ ಮಧ್ಯಾಹ್ನದೊಳಗೆ ಕಡೂರು ಬಸ್ ಸ್ಟ್ಯಾಂಡೆಲ್ಲ ನಗುತ್ತದೆ.

"ಬೇಡ ಕಣೇ," ಎಂದಳು ಕೊನೆಗೆ. "ಬಿತ್ತನೆ ಕಾಳಿನ ಮುಂದೆ ಸುಳ್ಳು ಹೇಳಿದ್ರೆ ಅದು ಹುಟ್ಟುತ್ತಾ?"

ಹೆಂಗಸರು ಬಂದು ಕೂತ ಮೇಲೆ ಆಕೆ ಇದ್ದದ್ದು ಇದ್ದಂತೆ ಹೇಳಿಬಿಟ್ಟಳು. ಪಂಕಜಾಕ್ಷಿ ಎದ್ದು ಹೋಗಿ ಗಾಜಿಗೆ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು.

"ಪಾಪ, ಎಷ್ಟು ಕಾದವ್ನೋ," ಎಂದಳು. "ನಮ್ಮಂಗೇ ಕಣ್ರೇ ಇವನೂ. ಮಳೆಗೆ ಕಾಯೋ ಸಂಕಟ ಏನು ಅಂತ ಇವನಿಗೆ ಬಿಡಿಸಿ ಹೇಳ್ಬೇಕಾ, ಸಾವಿತ್ರಕ್ಕ? ಕಾಯಿ ಒಡಿ."

ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಕೋಣೆಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕವಳು ಸಾವಿತ್ರಮ್ಮನೇ. ಎದೆ ಹಗುರಾಗಿತ್ತು. ಕಾಯಿ ಒಡೆದಳು, ರಾಗಿ ಮುಟ್ಟಿಸಿದ್ದಾಯಿತು, ಪೊಲೀಸಿಗೂ ಟಗರಿಗೂ ಒಂದೊಂದು ಹೂವು ಸಿಕ್ಕಿತು.

"ಕೋಮಲಾ, ಇದ್ರಲ್ಲಿ ಯಗಟಿ ಎಲ್ಲೈತೆ?"

"ಇದ್ರಲ್ಲಿಲ್ಲ ಅತ್ತೆ. ನಾವು ತುಂಬ ಕೆಳಗೆ, ಪಟದಿಂದಾಚೆ."

ಸಾವಿತ್ರಮ್ಮ ವಿಭೂತಿಗೆ ಬೆರಳದ್ದಿ ಪಟದ ಕೆಳಗೆ ಗೋಡೆಯ ಮೇಲೆ ಒಂದು ಬೊಟ್ಟಿಟ್ಟಳು. ಆಮೇಲೆ ಗಾಜನ್ನು ಮೆಲ್ಲಗೆ ತಟ್ಟಿದಳು.

"ಎದ್ದೇಳಪ್ಪ ಅಜ್ಜಯ್ಯ, ನಿದ್ದೆ ಸಾಕು. ಮೊದ್ಲು ನಿನ್ನ ಕೊಡ ತುಂಬಿಸ್ಕೋ. ಮಿಕ್ಕಿದ್ದನ್ನ ಇಲ್ಲಿಗೆ ಕಳ್ಸು."