ಕುಪ್ಪುಸ್ವಾಮಿ ಕಣ್ಣು ಬಿಟ್ಟ ಫೋಟೋ

“ನೀನೇ ಎರಡು ಕಣ್ಣು ಬರ್ದುಬಿಡು ತಂಗಚ್ಚಿ. ಊರೋರ ಮುಖದ ಸಿಡುಬಿನ ಕಲೆನೆಲ್ಲ ಪೆನ್ಸಿಲ್ನಾಗೆ ಅಳಿಸ್ತೀಯ, ನಮ್ಮೋನಿಗೆ ಎರಡು ಕಣ್ಣಿಗೆ ಬರವಾ?” ಎನ್ನುತ್ತ ಮಾರಿಯಮ್ಮ ಎರಡು ಫೋಟೋಗಳನ್ನು ಸ್ಟುಡಿಯೋದಲ್ಲಿ ಗಂಗರತ್ನಮ್ಮನ ಮೇಜಿನ ಮೇಲೆ ಇಟ್ಟಳು.

ಎರಡರಲ್ಲೂ ಅವಳ ಗಂಡ ಕುಪ್ಪುಸ್ವಾಮಿ ಕಣ್ಣು ಮುಚ್ಚಿದ್ದ. ಕೋಲಾರದ ಚಿನ್ನದ ಗಣಿ ಸರ್ಕಾರದ ಕೈಗೆ ಬಂದ ಮರುವರ್ಷ ಅದು. ಅವನು ಗಣಿಯೊಳಕ್ಕೆ ಇಳಿಯುವ ಶಾಫ್ಟಿನಲ್ಲಿ ಎಲ್ಲರಿಗೂ ಫೋಟೋ ಅಂಟಿಸಿದ ಹೊಸ ಪಾಸು ಮಾಡುತ್ತಿದ್ದರು. ಕಣ್ಣು ಮುಚ್ಚಿದ ಫೋಟೋವನ್ನು ಗುಮಾಸ್ತರು ಎರಡು ಸಲ ವಾಪಸು ಕಳಿಸಿದ್ದರು. ನಾಳೆ ಬೆಳಗಿನ ಪಾಳಿಯೊಳಗೆ ಸರಿಯಾದದ್ದು ಕೊಡದಿದ್ದರೆ ಹದಿನೆಂಟು ವರ್ಷ ಬಂಡೆ ಕೊರೆದ ಆಳು ಮೇಲೆ ಅಂಗಳದಲ್ಲಿ ಕಲ್ಲು ಹೊರಬೇಕು.

“ನಾನು ಬರೆದ್ರೆ ಅದು ನನ್ನ ಕಣ್ಣಾಗ್ತದೆ ಅಕ್ಕ, ಅಣ್ಣನದಲ್ಲ,” ಎಂದಳು ಗಂಗರತ್ನಮ್ಮ.

“ಅಶ್ವತ್ಥಣ್ಣ ಎಲ್ಲಿ?” ಬಾಗಿಲಲ್ಲೇ ನಿಂತಿದ್ದ ಕುಪ್ಪುಸ್ವಾಮಿ ಕೇಳಿದ.

“ಬೂದಿಕೋಟೇಲಿ ಮದ್ವೆ. ಬರೋದು ನಾಡಿದ್ದು.”

ಗಂಗರತ್ನಮ್ಮನ ಗಂಡ ಅಶ್ವತ್ಥಪ್ಪ ಹೊಸ ಕ್ಯಾಮೆರಾ, ಫ್ಲಾಶು ಎಲ್ಲ ಹೊತ್ತುಕೊಂಡು ಹೋಗಿದ್ದ. ಊರಿಗಾಮಿನ ಆ ಸ್ಟುಡಿಯೋದಲ್ಲಿ ಉಳಿದಿದ್ದು ಮೂರು ಕಾಲಿನ ಹಳೆಯ ಮರದ ಕ್ಯಾಮೆರಾ, ಒಂದೇ ಒಂದು ಗಾಜಿನ ಪ್ಲೇಟು, ಮತ್ತು ಅವಳು. ಹನ್ನೊಂದು ವರ್ಷದಿಂದ ಪ್ಲೇಟು ತೊಳೆಯುವುದು, ಒಣಹಾಕುವುದು, ತಿದ್ದುವುದು ಅವಳ ಕೆಲಸ. ಗಿರಾಕಿಯ ಮುಂದೆ ನಿಂತು ಫೋಟೋ ತೆಗೆಯುವುದು ಮಾತ್ರ ಗಂಡನದು. ಅದನ್ನು ಅವಳು ಕೇಳಿಯೂ ಇರಲಿಲ್ಲ, ಅವನು ಕೊಟ್ಟೂ ಇರಲಿಲ್ಲ.

ಆದರೆ ತಿದ್ದುವವಳ ಕಣ್ಣಿಗೆ ಒಂದು ಅಭ್ಯಾಸ ಇರುತ್ತದೆ. ಅವಳು ಎರಡು ಫೋಟೋಗಳನ್ನೂ ಬೆಳಕಿಗೆ ಹಿಡಿದು ನಿಧಾನವಾಗಿ ನೋಡಿದಳು. ಕಣ್ಣು ಮುಚ್ಚಿದ್ದು ಸರಿ, ಬಾಯಿ ಯಾಕೆ ಒಂದೇ ಅಳತೆಗೆ ತೆರೆದಿದೆ? ಎರಡರಲ್ಲೂ ಭುಜ ಕಿವಿಯ ಹತ್ತಿರಕ್ಕೆ ಏರಿದೆ.

“ಅಣ್ಣ, ನಮ್ಮೋರು ಫೋಟೋ ತೆಗೆಯೋಕೆ ಮುಂಚೆ ಏನಂತಾರೆ?”

“ರೆಡಿ ಅಂತ ಕೂಗ್ತಾರೆ. ಆಮೇಲೆ ಪಳಾರ್ ಅಂತ ಬೆಳಕು.”

“ಒಳಗೆ, ಬಂಡೆಗೆ ಮದ್ದು ಇಟ್ಟಾಗ ನಿಮ್ಮ ಮೇಸ್ತ್ರಿ ಏನಂತಾರೆ?”

“ರೆಡಿ ಅಂತಾನೇ,” ಎಂದ ಕುಪ್ಪುಸ್ವಾಮಿ ಮೆಲ್ಲಗೆ. “ಅಂದ ತಕ್ಷಣ ಕಣ್ಣು ಮುಚ್ಚಿ ಬಾಯಿ ಬಿಡಬೇಕು. ಇಲ್ಲಾಂದ್ರೆ ಕಿವಿ ಒಡ್ಕೊಂಡೋಯ್ತದೆ.”

“ಸುಳ್ಳು ಕಣಮ್ಮ,” ಮಾರಿಯಮ್ಮ ನಕ್ಕಳು. “ನಂಗೆ ತಾಳಿ ಕಟ್ಟೋವಾಗ್ಲೂ ಕಣ್ಣು ಮುಚ್ಕೊಂಡಿದ್ದ. ಅಲ್ಲೇನು ಮದ್ದು ಇಟ್ಟಿದ್ರಾ?”

“ಕಣ್ಣು ಬಿಟ್ಟಿದ್ರೆ ಕಟ್ತಿದ್ನಾ?” ಎಂದ ಅವನು.

“ಥೂ, ನಿನ್ ಮುಖಕ್ಕೆ!”

ಗಂಗರತ್ನಮ್ಮ ನಗುತ್ತಲೇ ಸೆರಗು ಸಿಕ್ಕಿಸಿ ಎದ್ದಳು. “ಕೂತ್ಕೊ ಅಣ್ಣ. ಇರೋದು ಒಂದೇ ಪ್ಲೇಟು, ನಾನು ತೆಗೀತೀನಿ.”

“ನೀನಾ?” ಕುಪ್ಪುಸ್ವಾಮಿ ಹೆಂಡತಿಯ ಕಡೆ ನೋಡಿದ. “ಒಂದೇ ಪ್ಲೇಟು ಅಂತೀಯಲ್ಲಮ್ಮ. ಅದೂ ಕೆಟ್ಟೋದ್ರೆ?”

“ಕೆಟ್ಟೋಗಲ್ಲ.”

ಅವಳು ಸ್ಟೂಲನ್ನು ಸೂರಿನ ಗಾಜಿನ ಹಂಚಿನ ಕೆಳಗೆ ಎಳೆದಳು. ಹತ್ತು ಗಂಟೆಯ ಬಿಸಿಲು ನೇರ ಬೀಳದಂತೆ ಹಂಚಿಗೆ ಬಿಳಿ ಬಟ್ಟೆ ಅಡ್ಡ ಕಟ್ಟಿದಳು. ಕರಿ ಮುಸುಕಿನೊಳಗೆ ತಲೆ ತೂರಿಸಿದಾಗ ಮಸುಕು ಗಾಜಿನ ಮೇಲೆ ಕುಪ್ಪುಸ್ವಾಮಿ ತಲೆಕೆಳಗಾಗಿ ತೂಗುತ್ತಿದ್ದ. ಅವನ ಮೀಸೆಯ ಕೂದಲು ಒಂದೊಂದೂ ಬಿಡಿಯಾಗುವವರೆಗೆ ತಿರುಪು ತಿರುಗಿಸಿದಳು. ಆಮೇಲೆ ಲೆನ್ಸಿಗೆ ಮುಚ್ಚಳ ಹಾಕಿ, ಪ್ಲೇಟು ಕೂರಿಸಿ, ಅದರ ಮುಂದಿನ ತಗಡು ಎಳೆದಳು.

ಈ ಕ್ಯಾಮೆರಾಕ್ಕೆ ಗುಂಡಿ ಒತ್ತುವ ಹಾಗಿಲ್ಲ. ಮುಚ್ಚಳ ತೆಗೆದು, ಬೆಳಕು ಒಳಗೆ ಹೋಗುವಷ್ಟು ಹೊತ್ತು ಕಾದು, ಮತ್ತೆ ಹಾಕಬೇಕು. ಅಷ್ಟೂ ಹೊತ್ತು ಎದುರಿಗಿದ್ದವನು ಅಲುಗಬಾರದು. ಕುಪ್ಪುಸ್ವಾಮಿಯೋ ಮೊಣಕಾಲು ಕುಣಿಸುತ್ತ ಕೂತಿದ್ದ. ಅಲುಗಬೇಡ ಎಂದರೆ ಇನ್ನಷ್ಟು ಬಿಗಿಯುತ್ತಾನೆ, ಕಣ್ಣೂ ಮುಚ್ಚುತ್ತಾನೆ.

“ಅಣ್ಣ, ಒಳಗೆ ಬಂಡೆ ಸದ್ದು ಮಾಡ್ತದೆ ಅಂತಾರಲ್ಲ, ನಿಜವಾ?”

“ಮಾಡ್ತದೆ. ಕುಸಿಯೋಕೆ ಮುಂಚೆ ಚಿಟಿಚಿಟಿ ಅಂತದೆ. ಅದು ಕೇಳ್ದೋನು ಬದುಕ್ದ.”

“ಈ ಪೆಟ್ಟಿಗೆ ಒಳಗೂ ಏನೋ ಸದ್ದು ಬರ್ತದೆ. ನಂಗೆ ಗೊತ್ತಾಗ್ತಿಲ್ಲ. ನೀನು ಒಸಿ ಕೇಳಿ ಯೋಳು.”

ಕುಪ್ಪುಸ್ವಾಮಿಯ ಮೊಣಕಾಲು ನಿಂತಿತು. ಭುಜ ಇಳಿಯಿತು. ಬಾಯಿ ತಾನಾಗಿ ಮುಚ್ಚಿಕೊಂಡಿತು. ಭೂಮಿಯ ಹೊಟ್ಟೆಯಲ್ಲಿ, ದೀಪದ ಬೆಳಕಿನಲ್ಲಿ ಬಂಡೆಗೆ ಎದುರು ನಿಲ್ಲುವ ಹಾಗೆ ಅವನು ಆ ಕಪ್ಪು ಲೆನ್ಸಿನ ಕಡೆ ಎರಡೂ ಕಣ್ಣು ಅರಳಿಸಿ ಕಿವಿಗೊಟ್ಟ. ಗಂಡ ದಿನವೂ ಹೀಗೆ ಬಂಡೆಗೆ ಕಿವಿಗೊಡುವುದನ್ನು ಮಾರಿಯಮ್ಮ ಮೊದಲ ಸಲ ನೋಡುತ್ತಿದ್ದಳು.

ಗಂಗರತ್ನಮ್ಮ ಮುಚ್ಚಳ ತೆಗೆದಳು. ಮುದ್ದೆಕೋಲು ಮೂರು ಸುತ್ತು ತಿರುವುವಷ್ಟು ಹೊತ್ತು ಮನಸ್ಸಿನಲ್ಲೇ ತಿರುವಿದಳು. ಮತ್ತೆ ಹಾಕಿದಳು.

“ಏನೂ ಇಲ್ಲಮ್ಮ,” ಎಂದ ಕುಪ್ಪುಸ್ವಾಮಿ. “ಚೆನ್ನಾಗದೆ ಪೆಟ್ಟಿಗೆ.”

“ಆಯ್ತು ಏಳಣ್ಣ. ಸಾಯಂಕಾಲ ಬಾ.”

“ಏನಾಯ್ತು?” ಎಂದ ಅವನು, ಫೋಟೋ ತೆಗೆದದ್ದೇ ತಿಳಿಯದೆ.

ಕತ್ತಲೆ ಕೋಣೆಯಲ್ಲಿ ಪ್ಲೇಟನ್ನು ತಟ್ಟೆಯ ದ್ರಾವಣದಲ್ಲಿ ಅಲ್ಲಾಡಿಸುತ್ತ ಅವಳು ಕಾದಳು. ಅಂಗಿ ಮೂಡಿತು, ಮೀಸೆ ಮೂಡಿತು. ಬೆಳಕು ಕಪ್ಪಾಗಿ, ಕಪ್ಪು ತಿಳಿಯಾಗಿ ಕಾಣುವ ಆ ನೆಗೆಟಿವಿನಲ್ಲಿ ಮುಖದ ಜಾಗ ನಿಧಾನವಾಗಿ ಕಪ್ಪಾಯಿತು. ಅದರ ನಡುವೆ ಎರಡು ಚುಕ್ಕಿಯಷ್ಟು ಗಾಜು ಮಾತ್ರ ತಿಳಿಯಾಗಿ ಉಳಿದು, ಕೋಣೆಯ ಕೆಂಪು ದೀಪ ಅದರೊಳಗಿಂದ ಅವಳನ್ನೇ ನೋಡಿತು. ಪೆನ್ಸಿಲ್ಲನ್ನು ಅವಳು ಮುಟ್ಟಲಿಲ್ಲ.

ನಾಲ್ಕನೆಯ ದಿನ ಕುಪ್ಪುಸ್ವಾಮಿ ಪಾಸನ್ನು ಜೇಬಿನ ಮೇಲೆ ಕಾಣುವ ಹಾಗೆ ಸಿಕ್ಕಿಸಿಕೊಂಡು, ತನ್ನ ಪಾಳಿಯ ಮೂವರನ್ನು ಕರೆದುಕೊಂಡು ಬಂದ. ನಾಲ್ವರೂ ಸೇರಿ ಒಂದು ಫೋಟೋ ಬೇಕಂತೆ. ಮದುವೆ ಮುಗಿಸಿ, ಹೊಸ ಪ್ಲೇಟುಗಳನ್ನೂ ಕೊಂಡು ಬಂದಿದ್ದ ಅಶ್ವತ್ಥಪ್ಪ ಅವರನ್ನು ಸಾಲಾಗಿ ನಿಲ್ಲಿಸಿ, ಹೊಸ ಫ್ಲಾಶು ಎತ್ತಿ ಹಿಡಿದು ಕೂಗಿದ:

“ರೆಡೀ!”

ನಾಲ್ವರೂ ಒಟ್ಟಿಗೆ ಕಣ್ಣು ಮುಚ್ಚಿ ಬಾಯಿ ಬಿಟ್ಟರು.

ಅಶ್ವತ್ಥಪ್ಪ ಕೈ ಇಳಿಸಿದ. ಅವರ ಮುಖಗಳನ್ನೂ ಕುಪ್ಪುಸ್ವಾಮಿಯ ಪಾಸಿನಲ್ಲಿ ಕಣ್ಣು ಬಿಟ್ಟಿದ್ದ ಫೋಟೋವನ್ನೂ ನೋಡಿದ. ಆಮೇಲೆ ಫ್ಲಾಶನ್ನು ಬದಿಗಿಟ್ಟು, ಮೂಲೆಯಲ್ಲಿದ್ದ ಹಳೆಯ ಕ್ಯಾಮೆರಾವನ್ನು ತಾನೇ ಎತ್ತಿ ತಂದು ಗಾಜಿನ ಹಂಚಿನ ಬೆಳಕು ಬೀಳುವ ಜಾಗಕ್ಕೆ ಎದುರಾಗಿ ಇಟ್ಟ.

“ರತ್ನಾ,” ಎಂದು ಕರೆದ, “ಬಾಮ್ಮಿ ಇಲ್ಲಿ.”

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು, ಪ್ಲೇಟು ಕೂರಿಸಿ, ಮುಚ್ಚಳದ ಮೇಲೆ ಬೆರಳಿಟ್ಟಳು. “ಪೆಟ್ಟಿಗೆ ಒಳಗಿನ ಸದ್ದು ಕೇಳ್ರೋ,” ಎಂದ ಕುಪ್ಪುಸ್ವಾಮಿ. ನಾಲ್ವರೂ ಕಣ್ಣರಳಿಸಿ ಕಿವಿಗೊಟ್ಟರು. ಕತ್ತಲೆ ಕೋಣೆಯಲ್ಲಿ ನಲ್ಲಿ ತೊಟ್ಟಿಕ್ಕುವುದು ಬೀದಿ ಬಾಗಿಲಿನವರೆಗೂ ಕೇಳಿಸುತ್ತಿತ್ತು.