ಬಿಚ್ಚಿ ಹೊಲಿದದ್ದು

ಈ ಬೆಂಚು ನನ್ನ ಮೊಣಕಾಲಿನ ಅಳತೆಗೆ ಮಾಡಿದ್ದಲ್ಲ, ಹೇಗೆ ಮಡಚಿದರೂ ಒಂದು ಕಾಲು ಹೊರಗುಳಿದು ಮುಂದೆ ಕೂತವನ ಬೆನ್ನಿಗೆ ತಗಲುತ್ತದೆ, ಅವನು ತಿರುಗುತ್ತಾನೆ, ನಮ್ಮ ಬೀದಿಗೆಲ್ಲ ವೈರು ಎಳೆದ ಎಲೆಕ್ಟ್ರಿಷಿಯನ್, ಪರವಾಗಿಲ್ಲ ಬಿಡಿ ಅಕ್ಕಾ, ಮಕ್ಕಳ ಬೆಂಚಲ್ವಾ, ಅಂತ ನಗುತ್ತಾನೆ, ನಾನೂ ನಗುತ್ತೇನೆ, ಅವನ ಅಂಗಿಯ ಭುಜದ ಹೊಲಿಗೆ ಒಂದು ಬೆರಳಷ್ಟು ಕೆಳಗೆ ಜಾರಿದೆ, ರೆಡಿಮೇಡು, ನನ್ನ ಕಣ್ಣಿಗೆ ಮೊದಲು ಬೀಳುವುದು ಹೊಲಿಗೆ, ಮನುಷ್ಯ ಆಮೇಲೆ — ಪಕ್ಕದಲ್ಲಿ ನನ್ನ ಮಗಳು, ಗುಂಡಿ, ಹುಟ್ಟಿದಾಗ ಮುಖ ಕೋಟಿನ ಗುಂಡಿಯ ಹಾಗಿತ್ತೆಂದು ಅವರಪ್ಪ ಕರೆದ ಹೆಸರು, ಈಗ ಮುಖ ಉದ್ದವಾಗಿದೆ, ಹೆಸರು ಮಾತ್ರ ಅಂಟಿಕೊಂಡಿದೆ, ತೊಡೆಯ ಮೇಲೆ ಬಟ್ಟೆಯ ಸುರುಳಿ, ಎರಡೂ ಕೈಯಲ್ಲಿ ಹಿಡಿದಿದ್ದಾಳೆ, ಬಿಚ್ಚಿಲ್ಲ, ಬಿಚ್ಚಬೇಡ ಅಂತ ಬೆಳಗ್ಗೆ ನಾನೇ ಹೇಳಿದ್ದೆ, ಇಸ್ತ್ರಿ ಹಾಕಿದ್ದೀನಿ ಕಣೇ, ಸುಕ್ಕಾಗತ್ತೆ, ಶಾಲೇಲೇ ಬಿಚ್ಚು. ಅವಳು ತಲೆಯಾಡಿಸಿದಳು, ನೀನು ನಿಜವಾಗ್ಲೂ ಬರ್ತೀಯಾ ಅಂತ ಎರಡೆರಡು ಸಲ ಕೇಳಿದಳು, ಕೇಳದೆ ಏನು ಮಾಡುತ್ತಾಳೆ, ಕರೆದಾಗಲೆಲ್ಲ ನಾನು ಬರದೆ ಇರುವುದಕ್ಕೆ ಒಂದಲ್ಲ ಒಂದು ಪ್ಯಾಂಟು ಒಂದಲ್ಲ ಒಂದು ರವಿಕೆ ಅಡ್ಡ ಬರುತ್ತಿತ್ತು, ಅವರಪ್ಪ ಲಾರಿಯ ಮೇಲೆ, ಎಲ್ಲಿದ್ದರೂ ಫೋನು ಮಾಡಿ ಮಗಳು ಓದ್ತಿದ್ದಾಳಾ ಅನ್ನುತ್ತಾರೆ, ಓದ್ತಿದ್ದಾಳೆ ಅನ್ನುತ್ತೇನೆ, ಅಲ್ಲಿಗೆ ಇಬ್ಬರ ಜವಾಬ್ದಾರಿಯೂ ಮುಗಿಯಿತು. ಇವತ್ತು ಹಾಗಲ್ಲ, ಇವತ್ತು ಅಂಗಡಿಗೆ ಬೀಗ ಹಾಕಿ ಬಂದಿದ್ದೇನೆ, ಆ ಸುರುಳಿಯೊಳಗೆ ಅವಳಿಗೆ ಗೊತ್ತಿಲ್ಲದ ನನ್ನ ಗುಟ್ಟೊಂದು ಇದೆ, ಬಿಚ್ಚಿದಾಗ ಅವಳ ಮುಖ ಹೇಗೆ ಅರಳುತ್ತದೋ ನೋಡಬೇಕು ಅಂತಲೇ ಹತ್ತಿರ ಸರಿದು ಕೂತಿದ್ದೇನೆ.

ಲೆಕ್ಕದ ಮೇಡಂ ಹಲಗೆಯ ಮುಂದೆ ನಿಂತಿದ್ದಾರೆ, ತೆಳ್ಳಗಿನ ಹುಡುಗಿ, ದನಿ ಮಾತ್ರ ಗಟ್ಟಿ, ಮಕ್ಕಳಿಗೆ ಮನೇಲಿ ಯಾವುದಾದ್ರೂ ಒಂದನ್ನ ದಿನಾ ಅಳೀರಿ ಅಂತ ಹೇಳಿದ್ದೆ, ಅಳೆದಿದ್ದನ್ನ ಬರೆಯೋ ಹಾಗಿಲ್ಲ, ಕೈಯಲ್ಲಿ ಮುಟ್ಟಿದ್ರೆ ಗೊತ್ತಾಗೋ ಹಾಗೆ ಮಾಡಿ ತರಬೇಕು, ಹೆತ್ತವರು ಒಂದು ತುದಿ ಹಿಡ್ಕೊಂಡು ನಿಂತ್ರೆ ಸಾಕು — ಅಳೆಯುವುದಾ, ಏನನ್ನು ಅಳೆಯುವುದು, ಇದು ಹೊಲಿಗೆಯ ಕ್ಲಾಸಲ್ಲವಾ, ಅಷ್ಟರಲ್ಲಿ ಎಲೆಕ್ಟ್ರಿಷಿಯನ್ನನ ಮಗಳು ಎದ್ದು ಹೋದಳು, ಎರಡು ಜಡೆ, ಕೈಯಲ್ಲಿ ಗಂಟು ಹಾಕಿದ ಹಗ್ಗ, ಒಂದು ತುದಿ ಅವಳು, ಒಂದು ತುದಿ ಅವಳಪ್ಪ. ಇದು ನಮ್ಮ ತಾತ, ಅಂದಳು, ಎಲ್ಲರೂ ನಕ್ಕರು. ತಾತನ ಸೊಂಟ ಮುರಿದಿತ್ತಂತೆ, ಮಂಚ ಬಿಟ್ಟು ದಿನಕ್ಕೆ ಎಷ್ಟು ದೂರ ನಡೆದರೋ ಅಷ್ಟಕ್ಕೆ ತಕ್ಕ ಹಾಗೆ ಹಗ್ಗದಲ್ಲಿ ಜಾಗ ಬಿಟ್ಟು ಒಂದು ಗಂಟು, ಮೊದಮೊದಲು ಗಂಟಿನ ಮೇಲೆ ಗಂಟು, ಆಮೇಲೆ ದೂರ, ಇನ್ನೂ ದೂರ, ಇದ್ದಕ್ಕಿದ್ದ ಹಾಗೆ ಮತ್ತೆ ಹತ್ತಿರ ಹತ್ತಿರ, ಇಲ್ಲಿ ತಾತ ಬಚ್ಚಲಲ್ಲಿ ಜಾರಿದ್ರು, ಆಮೇಲೆ ಹೆದರ್ಕೊಂಡ್ರು, ಅಂತ ಹುಡುಗಿ ಆ ಗಂಟುಗಳನ್ನು ಸವರಿದಳು, ಹಿಂದೆ ಯಾರದೋ ಅಜ್ಜಿ ಮೂಗು ಒರೆಸಿಕೊಂಡ ಸದ್ದು. ನೀವೇನು ಸಹಾಯ ಮಾಡಿದ್ರಿ, ಅಂತ ಮೇಡಂ ಅವಳಪ್ಪನನ್ನು ಕೇಳಿದರು, ನಾನೇನ್ ಮಾಡ್ಲಿ ಮೇಡಂ, ಇಲ್ಯಾಕೆ ಗಂಟು ಒತ್ತಾಗಿದೆ ಅಂತ ಕೇಳ್ದೆ ಅಷ್ಟೇ, ಅವಳೇ ಹೇಳಿದ್ಲು. ಅಷ್ಟೇ ಬೇಕಾಗಿದ್ದಿದ್ದು, ಅಂದರು ಮೇಡಂ. ನಾನು ಹಗ್ಗವನ್ನೇ ನೋಡುತ್ತಿದ್ದೇನೆ, ಗಂಟುಗಳ ನಡುವಿನ ಜಾಗ ಒಂದೇ ಸಮ ಇಲ್ಲ, ಇರಕೂಡದು, ಸಮ ಮಾಡಿಬಿಟ್ಟರೆ ತಾತ ಬಿದ್ದದ್ದೂ ಇಲ್ಲ ಎದ್ದದ್ದೂ ಇಲ್ಲ — ನಾನು ಗುಂಡಿಯ ತೊಡೆಯ ಮೇಲಿನ ಸುರುಳಿಯತ್ತ ತಿರುಗಿದೆ.

ನಿನ್ನೆ ಸಂಜೆ ಗುಂಡಿ ಪಕ್ಕದ ಬೀದಿಗೆ, ಅವಳ ಅತ್ತೆಯ ಮನೆಗೆ ಹೋಗಿದ್ದಳು, ಬಟ್ಟೆ ಕಪಾಟಿನ ಮೇಲಿತ್ತು, ನೋಡೋಣ ಅಂತ ತೆಗೆದೆ, ಉದ್ದನೆಯ ಬಿಳಿ ಪಟ್ಟಿ, ನಾನೇ ಕತ್ತರಿಸಿ ಕೊಟ್ಟದ್ದು, ಅದರ ಮೇಲೆ ಹಳದಿ ದಾರದ ಒಂದು ಸಾಲು — ಅಯ್ಯೋ, ಏನು ಹೊಲಿಗೆ ಅದು, ಒಂದು ಅಕ್ಕಿಕಾಳಿನಷ್ಟು, ಮುಂದಿನದು ಕಿರುಬೆರಳಷ್ಟು, ಆಮೇಲೆ ಬರೀ ಒಂದು ಚುಕ್ಕೆ, ನಡುನಡುವೆ ಹೊಲಿಯದೆಯೇ ಹಾರಿದ ಜಾಗ, ಟೈಲರಮ್ಮನ ಮಗಳು ಹೊಲಿದದ್ದಾ ಇದು, ಇದನ್ನು ಎಲ್ಲರ ಮುಂದೆ ಹಿಡಿದು ನಿಂತರೆ ನನ್ನ ಹತ್ತಿರ ಹೊಲಿಸಿಕೊಳ್ಳುವ ಹೆಂಗಸರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಗುವುದಿಲ್ಲವಾ. ಪಾಪ, ಹೇಳಿಕೊಡಲು ನಾನು ಹೊತ್ತು ಮಾಡಿಕೊಂಡಿದ್ದರೆ ತಾನೆ, ಅನ್ನಿಸಿತು, ಸಣ್ಣ ಕತ್ತರಿಯ ಮೊನೆ ತೂರಿಸಿ ಒಂದೊಂದೇ ಹೊಲಿಗೆ ಕತ್ತರಿಸಿದೆ, ಹಳದಿ ಚೂರುಗಳು ಮಡಿಲಿಗೆ ಬಿದ್ದವು, ಕೊಡವಿದೆ, ಅವಳೇ ಹಳದಿ ದಾರ ಹಾಕಿಟ್ಟಿದ್ದ ಸೂಜಿ ತೆಗೆದು ಮೊದಲಿನಿಂದ ಹೊಲಿದೆ, ಒಂದೇ ಅಳತೆ, ಒಂದೇ ಬಿಗಿ, ಬಿಟ್ಟ ಜಾಗವನ್ನೆಲ್ಲ ತುಂಬಿಸಿದೆ, ಸ್ಕೇಲು ಇಟ್ಟು ನೋಡಿದರೂ ಕೂದಲೆಳೆಯಷ್ಟು ಆಚೀಚೆ ಇಲ್ಲ. ಹೊಲಿಯುತ್ತ ಹಾಡು ಗುನುಗಿಕೊಂಡೆ, ಅದು ಈಗ ನೆನಪಾಗಬೇಕಾ, ಗುನುಗಿಕೊಂಡೆ, ಅಷ್ಟು ಖುಷಿ, ಅಂತೂ ಮಗಳ ಓದಿಗೆ ನಾನೂ ಕೈ ಹಾಕಿದೆ ಅಂತ.

ಕೈ ಹಾಕಿದೆ, ಚೆನ್ನಾಗಿಯೇ ಹಾಕಿದೆ. ಒಂದು ಮಾತು ಕೇಳಿದ್ದರೆ ಆಗುತ್ತಿತ್ತು, ಇದ್ಯಾಕೆ ಹೀಗೆ ಗುಂಡಿ, ಆ ಎಲೆಕ್ಟ್ರಿಷಿಯನ್ ಕೇಳಿದ ಹಾಗೆ, ಬಾಯಿ ಸವೆದು ಹೋಗುತ್ತಿತ್ತಾ. ದಿನಾ ಶಾಲೆಯಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ನನ್ನ ಕತ್ತಿನಿಂದ ಟೇಪು ಎಳೆಯುತ್ತಿದ್ದಳಲ್ಲ, ಕಿಟಕಿಯ ಕೆಳಗೆ ಮಂಡಿಯೂರಿ ನೆಲದ ಮೇಲೆ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಳಲ್ಲ, ಟೇಪು ತಾರೇ ಗಿರಾಕಿ ಕಾಯ್ತಿದ್ದಾರೆ, ಸುಣ್ಣ ಯಾಕೆ ಹಾಳ್ಮಾಡ್ತೀಯ, ಅಂತ ಬೈದದ್ದು ಗೊತ್ತು, ಬೆಳಗ್ಗೆ ನೆಲ ಒರೆಸುವಾಗ ಆ ಗೆರೆಗಳನ್ನು ಒರೆಸಿದ್ದು ಗೊತ್ತು, ಅವು ಏನು ಅಂತ ಗೊತ್ತಿಲ್ಲ, ನನ್ನ ಕಾಲ ಬುಡದಲ್ಲಿ ನಡೆದದ್ದು. ಮೇಡಂ ಫೋನಿಗೆ ಮಾತು ಕಳಿಸಿದ್ದರು, ಉದ್ದದ್ದು, ಎಲ್ಲ ಹೆತ್ತವರಿಗೂ, ಅದನ್ನು ಹಚ್ಚಿಟ್ಟು ಮಶೀನು ತುಳಿದೆ, ಅರ್ಧ ಅವರ ದನಿ ಅರ್ಧ ಮಶೀನಿನ ಸದ್ದು, ನಡುವೆ ಯಾರೋ ಜಿಪ್ಪು ಕಿತ್ತುಹೋದ ಬ್ಯಾಗು ಹಿಡಿದು ಬಂದರು, ನಿಲ್ಲಿಸಿದೆ, ಪೂರ್ತಿ ಕೇಳಿದವಳ ಹಾಗೆ ಸರಿ ಮೇಡಂ ಅಂತ ಉತ್ತರ ಒತ್ತಿದೆ. ನಾಚಿಕೆಯಾಗಬೇಕು. ಆಗುತ್ತಿದೆ, ಕಿವಿಯ ತುದಿಯವರೆಗೂ, ಮುಖ ಎಲ್ಲಿಡಲಿ, ಇಲ್ಲಿ ಎಲ್ಲರೂ ಮುಂದೆ ನೋಡುತ್ತಿದ್ದಾರೆ, ಆದರೂ ಎಲ್ಲರೂ ನನ್ನನ್ನೇ ನೋಡುತ್ತಿರುವ ಹಾಗಿದೆ.

ಈಗ ಹೇಳಬೇಕು, ಈಗಲೇ, ಅವಳ ಕಿವಿ ಒಂದು ಗೇಣು ದೂರದಲ್ಲಿದೆ, ಬಗ್ಗಿ ಹೇಳಿದರೆ ಆಯಿತು, ಗುಂಡಿ ನಾನೊಂದು ತಪ್ಪು ಮಾಡಿದೀನಿ, ಅದನ್ನ ಬಿಚ್ಚಬೇಡ, ಮೇಡಂಗೆ ಮರೆತು ಬಂದೆ ಅಂತ ಹೇಳು — ಸುಳ್ಳೂ ಅವಳ ತಲೆಗೇ ಕಟ್ಟುತ್ತಿದ್ದೇನೆ, ನೋಡು ನನ್ನ ಬುದ್ಧಿ. ದಾರಕ್ಕೆ ಬಟಾಣಿ ಪೋಣಿಸಿ ತಂದ ಹುಡುಗನೊಬ್ಬ, ನೀರಿನ ಬಾಟಲಿ ತಂದ ಹುಡುಗಿಯೊಬ್ಬಳು, ಯಾರು ಏನು ಹೇಳಿದರೋ ನನ್ನ ತಲೆಗೆ ಹೋಗಲಿಲ್ಲ, ಬಾಯಿ ತೆರೆದೆ, ಗುಂಡಿ ನನ್ನ ಕಡೆ ತಿರುಗಿದಳು, ಕಣ್ಣು ಹೊಳೆಯುತ್ತಿದೆ, ಈ ಮಗು ಕ್ಲಾಸಿನಲ್ಲಿ ಬಾಯೇ ಬಿಡಲ್ಲ ಅಂತ ಪ್ರತಿ ವರ್ಷ ಹೇಳಿಸಿಕೊಂಡವಳು, ಅಮ್ಮ ನಾನು ಏನು ಹೇಳ್ಬೇಕು ಅಂತ ಬಾಯಿಪಾಠ ಮಾಡಿದೀನಿ, ಅಂದಳು ಪಿಸುದನಿಯಲ್ಲಿ, ಆಮೇಲೆ ಹೊಲಿಗೆ ನೋಡ್ಕೊಂಡು ಹೇಳ್ತೀನಿ. ನಾನು ಅವಳ ಕಾಲರ್ ಸರಿಮಾಡಿದೆ. ಅಷ್ಟೇ ಮಾಡಿದ್ದು, ಮೊದಲೇ ಸರಿಯಾಗಿದ್ದ ಕಾಲರನ್ನು ಇನ್ನೊಮ್ಮೆ ಸರಿಮಾಡಿದೆ, ಅಷ್ಟರಲ್ಲಿ ಮೇಡಂ ಅವಳನ್ನು ಕರೆದರು, ನೀವೂ ಬನ್ನಿ ಅಂದರು, ನನ್ನ ಕಾಲು ಬೆಂಚಿನಿಂದ ಹೊರಗೆ ಬರಲು ಒಪ್ಪಲಿಲ್ಲ.

ಬಂದೆ, ನಿಂತೆ. ಒಂದು ತುದಿ ನನ್ನ ಕೈಗೆ ಕೊಟ್ಟಳು, ಸುರುಳಿ ಇನ್ನೂ ಬಿಚ್ಚಿಲ್ಲ, ಎದೆಗೆ ಒತ್ತಿಕೊಂಡು ಮೊದಲು ಬಾಯಿಪಾಠ ಒಪ್ಪಿಸುತ್ತಿದ್ದಾಳೆ, ದನಿ ನಡುಗುತ್ತಿದೆ, ಆದರೂ ಕೊನೆಯ ಬೆಂಚಿಗೆ ಕೇಳುತ್ತಿದೆ, ನಾನು ನಮ್ಮನೆ ಕಿಟಕಿಯಿಂದ ಬಿಸಿಲು ಒಳಗೆ ಎಲ್ಲೀವರೆಗೆ ಬರತ್ತೆ ಅಂತ ದಿನಾ ಸಂಜೆ ಅಳೆದೆ, ಅಮ್ಮಂಗೆ ಸೂಜಿಗೆ ದಾರ ಹಾಕೋಕೆ ಈಗ ಕಣ್ಣು ಕಾಣಲ್ಲ, ನಾನು ಬರೋವರೆಗೆ ಕಾಯ್ತಾರೆ, ಮಶೀನು ಎಲ್ಲಿಟ್ರೆ ಜಾಸ್ತಿ ಬೆಳಕು ಸಿಗತ್ತೆ ಅಂತ ಇದನ್ನ ನೋಡಿದ್ರೆ ಗೊತ್ತಾಗತ್ತೆ — ಯಾರಿಗೆ, ನನಗಾ, ನನಗಾಗಿಯಾ ಆ ಗೆರೆಗಳು, ಆ ಟೇಪು, ಮೋಡದ ದಿನ ಚುಕ್ಕೆ, ಬಿಸಿಲೇ ಇಲ್ಲದ ದಿನ ಬಿಟ್ಟ ಜಾಗ, ಆ ಜಾಗವನ್ನು ನಾನು ತುಂಬಿಸಿದೆ, ಎಲ್ಲ ದಿನಕ್ಕೂ ಒಂದೇ ಬಿಸಿಲು ಹೊಲಿದುಕೊಟ್ಟೆ, ಅವಳು ಹಿಂದೆ ಹಿಂದೆ ಹೆಜ್ಜೆಯಿಟ್ಟು ಸುರುಳಿ ಬಿಡಿಸುತ್ತಿದ್ದಾಳೆ, ಬಿಳಿ ಬಟ್ಟೆ ನಮ್ಮಿಬ್ಬರ ನಡುವೆ ಉದ್ದವಾಗುತ್ತಿದೆ, ಹಳದಿ ಸಾಲು ನೆಟ್ಟಗೆ, ಆಹಾ, ಅಂತ ಬೆಂಚುಗಳಿಂದ ಯಾರೋ ಅಂದರು, ಎಷ್ಟು ನೀಟಾಗಿದೆ ನೋಡಿ, ಟೈಲರ್ ಮಗಳು ಅಂದ್ರೆ ಸುಮ್ನೇನಾ. ಅದೇ ಮಾತು, ನಿನ್ನೆ ನಾನು ಹೊಲಿಯುವಾಗ ಕಿವಿಯಲ್ಲಿ ಕೇಳಿಸಿಕೊಂಡದ್ದು, ಅವಳಿಗಾಗಿ ಅಂದುಕೊಂಡೆ, ನನಗಾಗಿ ಹೊಲಿದೆ, ನನ್ನ ಅಂಗಡಿಗೆ, ನನ್ನ ಮಾನಕ್ಕೆ. ಗುಂಡಿ ಬಟ್ಟೆ ನೋಡಿದಳು. ಹಿಂದಿನ ಬದಿ ತಿರುಗಿಸಿ ನೋಡಿದಳು. ಮುಖ ಅರಳಲಿಲ್ಲ, ಕೆರಳಲೂ ಇಲ್ಲ, ಬೇರೆ ಯಾರದೋ ಬಟ್ಟೆ ತಪ್ಪಿ ಬಂದಿದೆಯೇನೋ ಅನ್ನುವ ಹಾಗೆ ಅಂಚು ಪರೀಕ್ಷಿಸಿದಳು, ನಮ್ಮದೇ ಅಂಚು. ಮೇಡಂ ಹತ್ತಿರ ಬಂದು ಮೆಲ್ಲಗೆ ಕೇಳಿದರು, ಎಲ್ಲಾ ದಿನಾನೂ ಬಿಸಿಲು ಇಷ್ಟೇ ಬಂತೇನಮ್ಮಾ, ಇಲ್ಲ, ಅಂತ ತಲೆಯಾಡಿಸಿದಳು, ಬಾಯಿ ಮುಚ್ಚಿಕೊಂಡಿತು, ಪ್ರತಿ ವರ್ಷದ ಹಾಗೆ, ಈಗ ತಾನೆ ತೆರೆದ ಬಾಯಿ.

ಆಮೇಲೆ ಅವಳ ಬೆರಳು, ತೋರುಬೆರಳು, ಬಟ್ಟೆಯ ಮೇಲೆ ಹತ್ತಿತು, ಅವಳ ತುದಿಯಿಂದ ನನ್ನ ತುದಿಯ ಕಡೆಗೆ, ನಿಧಾನವಾಗಿ, ಹಳದಿ ಹೊಲಿಗೆಯ ಮೇಲಲ್ಲ, ಅದರ ಪಕ್ಕಪಕ್ಕದಲ್ಲಿ, ಅದರ ಅಡಿಯಲ್ಲಿ, ಒತ್ತಿ ಒತ್ತಿ ಸವರುತ್ತಿದೆ, ಏನು ಹುಡುಕುತ್ತಿದ್ದಾಳೆ ಅಂತ ಬೇರೆಯವರಿಗೆ ತಿಳಿಯಲಿಲ್ಲ, ನನಗೆ ತಿಳಿಯಿತು, ಕಲಿಸಿದವಳು ನಾನೇ, ಹಳೇ ಪ್ಯಾಂಟು ಬಿಚ್ಚುವಾಗೆಲ್ಲ ತೋರಿಸುತ್ತಿದ್ದೆ, ನೋಡು ಗುಂಡಿ, ದಾರ ತೆಗೆದ್ರೂ ಸೂಜಿ ಹೋದ ತೂತು ಇರತ್ತೆ, ಅದನ್ನ ಹಿಡ್ಕೊಂಡು ಹೋದ್ರೆ ಮೊದಲು ಹೇಗಿತ್ತೋ ಹಾಗೇ ಹೊಲಿಬಹುದು. ಅವಳು ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಎತ್ತಿದಳು, ನನ್ನ ತುದಿಯೂ ಜೊತೆಗೆ ಎದ್ದಿತು, ಕಣ್ಣು ಕಿರಿದು ಮಾಡಿ ನೋಡಿದಳು, ಮತ್ತೆ ಬೆರಳು. ಅಮ್ಮಾ, ತೂತು ಎಲ್ಲಿ. ನನಗೊಬ್ಬಳಿಗೇ ಕೇಳುವ ಹಾಗೆ ಕೇಳಿದಳು, ಬೈಗುಳವಿಲ್ಲ ಅದರಲ್ಲಿ, ನಂಬಿಕೆಯೇ ಇದೆ, ಅಮ್ಮನಿಗೆ ಗೊತ್ತಿರುತ್ತದೆ ಅಂತ. ಗೊತ್ತಿದೆ ಮಗಳೇ, ನಿನ್ನೆ ಆ ತೂತುಗಳನ್ನು ಉಗುರಿನಲ್ಲಿ ಉಜ್ಜಿದೆ, ಎಳೆಗಳನ್ನು ಹತ್ತಿರ ತಂದೆ, ನೀರು ಚಿಮುಕಿಸಿ ಕಾದ ಇಸ್ತ್ರಿ ಒತ್ತಿದೆ, ಒಳ್ಳೆ ಟೈಲರು ಗುರುತು ಉಳಿಸುವುದಿಲ್ಲ — ಮೇಡಂ, ನಾನೇ ಬಿಚ್ಚಿದ್ದು, ಅಂದೆ, ಜೋರಾಗಿಯೇ ಬಂತು, ಅವಳ ಹೊಲಿಗೆ ಸರಿ ಇತ್ತು, ನಾನು ಕೇಳ್ಲಿಲ್ಲ. ಎಲೆಕ್ಟ್ರಿಷಿಯನ್ ತಲೆ ತಗ್ಗಿಸಿದ, ಮೇಡಂ ಏನೋ ಹೇಳುತ್ತಿದ್ದಾರೆ, ಒಳ್ಳೆಯ ಮಾತೇ ಇರಬೇಕು, ನನಗೆ ಕೇಳಿಸುತ್ತಿಲ್ಲ, ಗುಂಡಿಗೂ ಕೇಳಿಸುತ್ತಿಲ್ಲ, ಅವಳ ಬೆರಳು ನಿಂತಿಲ್ಲ, ಒತ್ತುತ್ತದೆ, ಒಂದಿಷ್ಟು ಮುಂದೆ ಬರುತ್ತದೆ, ಮತ್ತೆ ಒತ್ತುತ್ತದೆ, ನುಣ್ಣಗಿನ ಬಟ್ಟೆ, ಎಲ್ಲೂ ಏನೂ ಇಲ್ಲ, ನನ್ನ ಕೈಯ ಹತ್ತಿರ ಬರುತ್ತಿದೆ, ಬೆರಳು, ಹುಡುಕುತ್ತ, ಬೆರಳು