ಬಿಳಿ ಕ್ಯಾನಿನ ನೀರು

ಆದೆಮ್ಮ ಬಿಳಿ ಕ್ಯಾನನ್ನು ಎರಡೂ ಕೈಯಿಂದ ಎತ್ತಿ, ಸೊಂಟಕ್ಕೆ ಆನಿಸಿಕೊಂಡು, ತಾಮ್ರದ ಕೊಡಕ್ಕೆ ಬಗ್ಗಿಸಿದಳು. ನೀರು ಗುಳುಗುಳು ಬೀಳುವ ಸದ್ದಿಗೆ ಶಿವಕುಮಾರಿ ಅಡುಗೆಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟಳು. ಆ ನೀರು ಬೇಡ ಎನ್ನಬೇಕು.

"ಯಾಕಬೇ, ಗೊಂಬಿ ನಿಂತಂಗ ನಿಂತೀ? ಬಿಸಲಾಗ ಮಂದಿ ಬರಾಕತ್ತಾರ. ಲೋಟ ಕೊಡು ಇಲ್ಲಿ," ಎಂದಳು ಆದೆಮ್ಮ. ಓಣಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಕರೆಯದೆ ಬಂದು ಸೆರಗು ಸಿಕ್ಕಿಸುವ ಹೆಂಗಸು ಅವಳು.

ಶಿವಕುಮಾರಿ ಲೋಟ ಕೊಟ್ಟಳು. ಕೈ ತಾನಾಗಿಯೇ ಕೊಟ್ಟಿತು.

ಪಡಸಾಲೆಯಲ್ಲಿ ಅವಳ ಅತ್ತೆ ಗುರುಲಿಂಗಮ್ಮನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಸೇವಂತಿಗೆ. ನಸುಕಿನಲ್ಲಿ ಚಹಾ ಹಿಡಿದು ಎಬ್ಬಿಸಲು ಹೋದಾಗ ಆ ಕೈ ತಣ್ಣಗಿತ್ತು. ಸಿಂಧನೂರಿನಿಂದ ಬಂದ ಡಾಕ್ಟರು ನಾಡಿ ಹಿಡಿದು, "ಹಾರ್ಟು. ಬ್ಯಾಸಿಗ್ಯಾಗ ಹೇಳಿದ್ನಲ್ಲ," ಎಂದು ಹೋಗಿದ್ದರು. ಎಲ್ಲರೂ ನಂಬಿದರು. ಶಿವಕುಮಾರಿ ನಂಬಲಿಲ್ಲ. ಅತ್ತೆ ಕೊನೆಗೆ ಕುಡಿದದ್ದು ಆ ಬಿಳಿ ಕ್ಯಾನಿನ ನೀರು.

ಮೊದಲ ಲೋಟವನ್ನು ಪಕ್ಕದ ಮನೆಯ ಜುಬೇದಾಬೀ ಇಸಿದುಕೊಂಡಳು. ಸತ್ತವಳ ಓರಗೆಯವಳು, ನಲವತ್ತು ವರ್ಷಗಳಿಂದಲೂ ಗೆಳತಿ. ಅತ್ತು ಅತ್ತು ಒಣಗಿದ ಗಂಟಲು. ಒಂದೇ ಉಸಿರಿಗೆ ಕುಡಿದಳು.

ಒಬ್ಬರು, ಎಂದುಕೊಂಡಳು ಶಿವಕುಮಾರಿ.

*

ಮೂರು ದಿನದ ಹಿಂದೆ ನಲ್ಲಿಯಲ್ಲಿ ನೀರು ಬಂದಿತ್ತು. ಗೊರೇಬಾಳದಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ನೀರೇ. ಕಾಲುವೆಯಲ್ಲಿ ನೀರು, ಭತ್ತದ ಗದ್ದೆಯಲ್ಲಿ ನೀರು. ಕುಡಿಯುವ ನೀರು ಮಾತ್ರ ವಾರಕ್ಕೊಮ್ಮೆ, ಅದೂ ಒಂದು ತಾಸು. ಅತ್ತೆ ಲಿಂಗಸುಗೂರಿನ ತಮ್ಮನ ಮನೆಗೆ ಹೋಗಿದ್ದಳು. ಕೊಡ, ಹಂಡೆ, ಬಕೆಟ್ಟು ತುಂಬಿದವು. ನಲ್ಲಿ ಇನ್ನೂ ಸುರಿಯುತ್ತಿತ್ತು.

ಈ ಮನೆಯಲ್ಲಿ ನೀರು ಮೋರಿಗೆ ಹೋಗುವುದೆಂದರೆ ಹಾಲು ಉಕ್ಕಿ ಒಲೆ ಆರಿದಂತೆ. ಅಕ್ಕಿ ತೊಳೆದ ನೀರು ಕರಿಬೇವಿಗೆ, ಮೈ ತೊಳೆದ ನೀರು ಬಾಳೆಗೆ. ಪಾತ್ರೆಗೆ ಒಲೆಯ ಬೂದಿ, ಕಾಳಿನ ಡಬ್ಬಿಗೆ ಬೇವಿನ ಎಲೆ, ಸಂತೆಗೆ ಹಳೆಯ ಸೀರೆಯ ಚೀಲ. ಮಸ್ಕಿಯ ಅಂಗಡಿಕಾರರ ಮಗಳು ಶಿವಕುಮಾರಿ, ಬಂದು ಎರಡು ವರ್ಷ. ಅವಳು ಏನನ್ನಾದರೂ ಬಿಸಾಡಿದರೆ ಅತ್ತೆ ಬೈಯುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದಳು. ಬೈದಿದ್ದರೇ ವಾಸಿ ಇತ್ತು.

ಓಡಿ ಹೋಗಿ ಕೊಟ್ಟಿಗೆಯ ಅಟ್ಟದಿಂದ ಬಿಳಿ ಕ್ಯಾನು ಇಳಿಸಿದಳು. ಮೈಮೇಲೆ ಚೀಟಿ ಇರಲಿಲ್ಲ. ಹಿಡಿಕೆಗೆ ಹಸಿರು ಅರಿವೆಯ ಪಟ್ಟಿಯೊಂದು ಕಟ್ಟಿತ್ತು. ಹೊಲಸು ಎಂದು ಅದನ್ನು ಕತ್ತರಿಸಿದಳು. ಬಿಸಾಡಿದರೆ ಅತ್ತೆ ನೋಡುತ್ತಾಳೆಂದು ಅದರಿಂದಲೇ ಹಾಗಲಬಳ್ಳಿಯನ್ನು ಕೋಲಿಗೆ ಬಿಗಿದಳು. ಬೂದಿ, ಹುಣಸೆಹಣ್ಣು ಹಾಕಿ ಮೂರು ಸಲ ಕ್ಯಾನು ತೊಳೆದಳು. ಏನೋ ಕಮಟು ವಾಸನೆ ಬಂತು. ಅಟ್ಟದ್ದಿರಬೇಕು ಅಂದುಕೊಂಡು ನೀರು ತುಂಬಿಸಿದಳು.

ನಿನ್ನೆ ದೀಪ ಹಚ್ಚುವ ಹೊತ್ತಿಗೆ ಅತ್ತೆ ಬಸ್ಸಿಳಿದು ಬಂದಳು. ಕೊಟ್ಟಿಗೆಗೆ ಹೋಗಿ ಎಮ್ಮೆಯ ಬೆನ್ನು ಸವರಿ ಬಂದು, ಆಗಷ್ಟೇ ಮುಚ್ಚಳ ತೆಗೆದ ಬಿಳಿ ಕ್ಯಾನಿನಿಂದ ಎರಡು ಲೋಟ ನೀರು ಕುಡಿದಳು.

"ಎದಿ ಉರಿಯಾಕತ್ತೈತಿ ನೋಡಬೇ. ಬಸ್ಸಿನ ಕುಲುಕಾಟ," ಎಂದು ಉಣ್ಣದೆ ಮಲಗಿದಳು.

ಇವತ್ತು ಬೆಳಿಗ್ಗೆ ಸಗಣಿ ತರಲು ಕೊಟ್ಟಿಗೆಗೆ ಹೋದಾಗ ಶಿವಕುಮಾರಿಯ ಕಣ್ಣಿಗೆ ಅವು ಬಿದ್ದವು. ಮೂಲೆಯಲ್ಲಿ ಒಂದರ ಮೇಲೊಂದು, ಭತ್ತಕ್ಕೆ ಹೊಡೆಯುವ ವಿಷದ ಖಾಲಿ ಕ್ಯಾನುಗಳು. ಅದೇ ಬಿಳಿ, ಅದೇ ಅಳತೆ. ಅವಳ ಕೈಯಿಂದ ಬುಟ್ಟಿ ಜಾರಿತು.

*

ಹನ್ನೊಂದರ ಹೊತ್ತಿಗೆ ಲಿಂಗಸುಗೂರಿನಿಂದ ಸತ್ತವಳ ತಮ್ಮ ಅಮರಗುಂಡಪ್ಪ ಬಂದ. ಕೈಯಲ್ಲಿ ಪ್ಲಾಸ್ಟಿಕ್ ಲೋಟದ ಎರಡು ಕಟ್ಟು. ಆದೆಮ್ಮ ಅವನ್ನು ನೋಡಿದವಳೇ ಗಲ್ಲಕ್ಕೆ ಕೈ ಹಚ್ಚಿದಳು.

"ಇವನ್ನ ಹೊರಗಿಡ್ರಿ ಗೌಡ್ರ. ನಿಮ್ಮಕ್ಕ ಕಂಡ್ಲಂದ್ರ ಎದ್ದು ಬರತಾಳ."

"ಬರಲಿ ತಗೋ. ಬಂದ್ರ ಬ್ಯಾಡ ಅಂತೀನೇನು?" ಎಂದವನ ದನಿ ಒಡೆಯಿತು. ಕಟ್ಟುಗಳನ್ನು ಹೋಗಿ ಗಾಡಿಯಲ್ಲೇ ಇಟ್ಟು ಬಂದ. ಸ್ಟೀಲಿನ ಲೋಟದಲ್ಲೇ ನೀರು ಕುಡಿದ.

ಆರು.

ಹಲಗೆ ಬಾರಿಸಲು ಬಂದ ಯಮನೂರ ಎರಡು ಲೋಟ ಕುಡಿದು, ಉಳಿದ ಗುಟುಕನ್ನು ಬಾಳೆಯ ಬುಡಕ್ಕೆ ಚೆಲ್ಲಿದ. "ಇಲ್ಲಾಂದ್ರ ಆಯಿ ಬೈತಾಳ್ರೀ," ಎಂದ. ಅಳುತ್ತಿದ್ದವರೂ ನಕ್ಕರು.

ಏಳು. ಶಿವಕುಮಾರಿ ಹೆಣದ ಪಕ್ಕ ಕೂತು ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದಳು. ಯಾರಾದರೂ ಬೆವರು ಒರೆಸಿಕೊಂಡರೆ ಅವರ ತುಟಿಯ ಬಣ್ಣ ನೋಡುವಳು. ಯಾರಾದರೂ ಕೆಮ್ಮಿದರೆ ಅತ್ತಲೇ ತಿರುಗುವಳು. ಹೇಳಿದರೆ ಅತ್ತೆಯನ್ನು ಕೊಂದವಳು. ಹೇಳದಿದ್ದರೆ ಇನ್ನೆಷ್ಟು ಜನರನ್ನು ಕೊಂದವಳು? ಡಾಕ್ಟರೇ ಹಾರ್ಟು ಎಂದಿದ್ದಾರಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುವಳು. ಡಾಕ್ಟರಿಗೆ ಕ್ಯಾನಿನ ವಿಷಯ ಗೊತ್ತೇ ಎಂದು ತಾನೇ ಕೇಳಿಕೊಳ್ಳುವಳು.

"ಏನಬೇ, ನನ್ನ ಮಾರಿ ಮ್ಯಾಲ ಏನರ ಬರದಾರೇನು? ಮುಂಜಾನಿಂದ ಓದಾಕತ್ತೀ," ಎಂದಳು ಜುಬೇದಾಬೀ.

"ಹೊಟ್ಟ್ಯಾಗ ಏನಾರ ಆಗಾಕತ್ತೈತೇನು ಅಮ್ಮಾ?"

"ಆಗದೇನು? ಗೆಳತಿ ಹೋಗ್ಯಾಳ."

ಅಷ್ಟರಲ್ಲಿ ಮಠದ ಅಯ್ಯನವರು ಬಂದರು. ಪಾದೋದಕ ಆಗಬೇಕಿತ್ತು, ಅಯ್ಯನವರ ಪಾದಕ್ಕೆ ಎರೆದ ನೀರನ್ನು ಸತ್ತವರ ಬಾಯಿಗೆ ಬಿಟ್ಟು, ಮನೆಮಂದಿಯೆಲ್ಲ ಕುಡಿಯಬೇಕು. ಆದೆಮ್ಮ ತಾಮ್ರದ ಕೊಡ ಹೊತ್ತು ಬಂದಳು. ಶಿವಕುಮಾರಿಯ ಗಂಡ ಸಂಗನಬಸವ ತಟ್ಟೆ ಹಿಡಿದು ಮೊಣಕಾಲೂರಿದ. ಕೊಡ ಬಾಗಿತು.

ಶಿವಕುಮಾರಿ ಎದ್ದದ್ದು ಯಾರಿಗೂ ಕಾಣಲಿಲ್ಲ. ಕೊಡ ನೆಲಕ್ಕೆ ಬಿದ್ದ ಸದ್ದಿಗೆ ಭಜನೆ ನಿಂತಿತು. ನೀರು ಪಡಸಾಲೆಯುದ್ದಕ್ಕೂ ಹರಿದು, ಕೂಡಿಸಿದ್ದ ಹೆಣದ ಪಾದ ಮುಟ್ಟಿತು.

"ತಲಿಗಿಲಿ ಕೆಟ್ಟೈತೇನ ನಿಂಗ?" ಅಮರಗುಂಡಪ್ಪ ಎದ್ದು ನಿಂತ.

"ಕುಡೀಬ್ಯಾಡ್ರೀ ಮಾಮಾ. ಎಣ್ಣಿ ಕ್ಯಾನಿನ ನೀರು ಅದು. ಬೆಳಿಗಿ ಹೊಡಿಯೋ ಎಣ್ಣಿ. ಗೊತ್ತಾಗಲಾರದ ತುಂಬೀನಿ. ಅತ್ತಿಗೂ ಅದನ್ನ ಕೊಟ್ಟೀನಿ. ನಿಮಗೂ. ಎಲ್ಲಾರೂ ದವಾಖಾನಿಗಿ ನಡೀರಿ..."

ಯಮನೂರ ಹಲಗೆ ಬಿಟ್ಟು ಅಂಗಳಕ್ಕೆ ಓಡಿದ. "ಯವ್ವೋ, ನಾ ಎರಡು ಲೋಟ ಕುಡದೀನಲ್ಲೋ!" ಎನ್ನುತ್ತ ಗಂಟಲಿಗೆ ಬೆರಳು ಹಾಕಿಕೊಂಡ. ಇನ್ನಿಬ್ಬರು ಅವನ ಹಿಂದೆ ಓಡಿದರು. ಆದೆಮ್ಮ ಬಾಯಿ ಮುಚ್ಚಿಕೊಂಡು ಗೋಡೆಗೆ ಕುಸಿದಳು. ಸಂಗನಬಸವ ತಟ್ಟೆ ಹಿಡಿದಂತೆಯೇ ಹೆಂಡತಿಯನ್ನು ನೋಡಿದ. ಅತ್ತೆಯ ನೋಟದಂಥದ್ದೇ ನೋಟ.

"ತಡೀರಿ," ಎಂದಳು ಜುಬೇದಾಬೀ. ಮೊಣಕಾಲಿಗೆ ಕೈಯೂರಿ ನಿಧಾನ ಎದ್ದಳು. "ಎಲ್ಲಾರಕಿಂತ ಮೊದಲ ನಾ ಕುಡದೀನಿ. ಸತ್ರ ನಾ ಮೊದಲು ಸಾಯಬೇಕು. ಬಾ ಬೇ, ಕ್ಯಾನು ಎಲ್ಲಿದ್ದು ತೋರಿಸು."

*

ಕೊಟ್ಟಿಗೆಯಲ್ಲಿ ಜುಬೇದಾಬೀ ರಾಶಿಯಿಂದ ಒಂದು ಕ್ಯಾನು ಎಳೆದು ಬುಡ ಮೇಲೆ ಮಾಡಿದಳು. ಬುಡದಲ್ಲಿ ಮೂರು ತೂತು. ಇನ್ನೊಂದನ್ನು ತಿರುಗಿಸಿದಳು. ಮೂರು ತೂತು. ಹಿಂದೆಯೇ ಬಂದ ಸಂಗನಬಸವ, ಅಮರಗುಂಡಪ್ಪ ಇಬ್ಬರೂ ಬಗ್ಗಿ ನೋಡಿದರು.

"ನಿಮ್ಮತ್ತಿ ಎಣ್ಣಿ ಕ್ಯಾನು ತೂತು ಹೊಡೀಲಾರದ ಬಿಡತಿದ್ದಿಲ್ಲ. ಕಲ್ಲಿನ ಸಪ್ಪಳ ಕೇಳಿಲ್ಲೇನು?"

ಕೇಳಿದ್ದಳು. ಟಕ್, ಟಕ್, ಟಕ್. ಅತ್ತೆ ಎಮ್ಮೆಯ ಗೂಟ ಬಡಿಯುತ್ತಿದ್ದಾಳೆ ಎಂದುಕೊಂಡಿದ್ದಳು.

"ತೂತಿದ್ದಿದ್ರ ನಿನ್ನ ಕ್ಯಾನಿನ್ಯಾಗ ನೀರು ನಿಲ್ಲತಿತ್ತೇನು? ಮತ್ತ, ಕುಡಿಯೋ ಕ್ಯಾನಿಗಿ ಅರಿವಿ ಕಟ್ಟತಿದ್ಲು. ಹಿಡಿಕಿಗಿ ಅರಿವಿ ಇತ್ತಿಲ್ಲೋ?"

"ಹಸರು ಅರಿವಿ. ಕತ್ತರಿಸಿ ಹಾಗಲಬಳ್ಳಿಗಿ ಕಟ್ಟೀನಿ. ಆದ್ರ ಕ್ಯಾನು ಕಮಟು ನಾರತಿತ್ತಮ್ಮಾ."

ಹಿತ್ತಲಿನಲ್ಲಿ ಬಳ್ಳಿಯ ಕೋಲಿಗೆ ಅದು ಬಿಗಿದಿತ್ತು. ಜುಬೇದಾಬೀ ಕಣ್ಣು ಹತ್ತಿರ ತಂದು ಬಗ್ಗಿ, ಬೆರಳಿನಿಂದ ಧೂಳು ಒರೆಸಿದಳು. ಅಂಚಿನಲ್ಲಿ ಸಣ್ಣ ಜರಿಯ ಎಳೆ ಮಿಂಚಿತು.

"ನನ್ನ ಮಗಳು ನಸ್ರೀನ್ ಮದುವ್ಯಾಗ ಅಕಿಗಿ ಉಡಿ ತುಂಬಿದ ಕುಬುಸದ ಅರಿವಿ. ಹೊಲಿಸಿ, ತೊಟ್ಟು, ಹರದ ಮ್ಯಾಲೆ ಇದಾಗೇತಿ. ಕ್ಯಾನೂ ನಮ್ದೇ. ಬಿರಿಯಾನಿಗಿ ಒಳ್ಳೆಣ್ಣಿ ತಂದಿದ್ವಿ. ಕಮಟು ವಾಸನಿ ಅದರದು."

ಶಿವಕುಮಾರಿ ಅಲ್ಲೇ ಮಣ್ಣಲ್ಲಿ ಕೂತಳು. ಗಂಡ ಹೆಗಲ ಮೇಲಿನ ಟವೆಲು ತೆಗೆದು ಅವಳ ಕೈಯಲ್ಲಿಟ್ಟ. ಆಮೇಲೆ ಸೋದರಮಾವನ ಜೊತೆ ಒಳಗೆ ಹೋಗಿ, ಯಮನೂರನ ಬೆನ್ನು ತಟ್ಟಿ, ಒಳ್ಳೆಯ ನೀರೇ ಎಂದು ಎಲ್ಲರಿಗೂ ಹೇಳಿದ.

"ಹೇಳತಿದ್ದಿಲ್ಲ ಯಾಕ ಅಮ್ಮಾ, ಅತ್ತಿ?" ಎಂದಳು ಶಿವಕುಮಾರಿ. "ಒಂದು ಮಾತು ನಂಗ ಹೇಳಿದ್ರ..."

ಜುಬೇದಾಬೀ ಪಕ್ಕದಲ್ಲಿ ಕೂತಳು.

"ಹ್ಯಾಂಗ ಹೇಳತಾಳಬೇ? ಯಾಕ ಅಂತ ನೀ ಕೇಳತಿದ್ದಿ."

*

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಜುಬೇದಾಬೀಯ ಮಗ ನಾಸೀರ್ ಆಗ ಹದಿನೆಂಟರ ಹುಡುಗ, ಈ ಮನೆಯ ಗದ್ದೆಗೆ ನಾಟಿಗೆ ಬರುತ್ತಿದ್ದ. ಗುರುಲಿಂಗಮ್ಮ ಬುತ್ತಿಯ ಜೊತೆ ಮಜ್ಜಿಗೆ ತಂದಳು. ಚೊಕ್ಕ ತೊಳೆದ ಬಿಳಿ ಕ್ಯಾನು. ಆಗ ಊರಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು, ಅಷ್ಟು ಗಟ್ಟಿ ಕ್ಯಾನು ಯಾರು ಬಿಸಾಡುತ್ತಾರೆ? ಮೊದಲು ಕುಡಿದವನು ನಾಸೀರ್. ಸ್ವಲ್ಪ ಹೊತ್ತಿಗೆ ಬದುವಿನ ಮೇಲೆ ಬಿದ್ದ, ಬಾಯಲ್ಲಿ ನೊರೆ. ಸಿಂಧನೂರಿನ ದವಾಖಾನೆಯಲ್ಲಿ ಒಂಬತ್ತು ದಿನ. ಬಿಸಿಲು ಬಡಿದಿತ್ತು ಎಂದು ಊರಿಗೆಲ್ಲ ಹೇಳಿದ್ದು ಜುಬೇದಾಬೀಯೇ.

ಒಂಬತ್ತೂ ದಿನ ಗುರುಲಿಂಗಮ್ಮ ದವಾಖಾನೆಯ ಹೊರಗೆ, ಬೇವಿನ ಮರದ ಕೆಳಗೆ ಕೂತಿದ್ದಳು. ಒಳಗೆ ಬರಲಿಲ್ಲ. ಮನೆಗೂ ಹೋಗಲಿಲ್ಲ.

"ಇವತ್ತು ನೀ ನನ್ನ ಮಾರಿ ನೋಡಿದ್ಯಲ್ಲ," ಎಂದಳು ಜುಬೇದಾಬೀ, "ಅಕಿ ಹಿಂಗ ನೋಡತಿದ್ಲು. ನಾಸೀರ ಕೆಮ್ಮಿದ್ರ ಇಪ್ಪತ್ತು ವರ್ಷ ಹಿಂಗ ನೋಡ್ಯಾಳ. ಬಿಡು ಗುರುಲಿಂಗಿ, ಹುಡುಗ ಉಳದಾನ ಅಂದೆ. ಬಿಡಲಿಲ್ಲ ನೋಡು."

*

ಇಳಿಹೊತ್ತಿನಲ್ಲಿ ಗುರುಲಿಂಗಮ್ಮನನ್ನು ಹೊಲಕ್ಕೆ ಒಯ್ದರು. ಗದ್ದೆಯ ಮೇಲಿನ ದಿಬ್ಬದಲ್ಲಿ ಕುಣಿ ತೋಡಿದವನು ನಾಸೀರ್. ನಡು ಹಿಡಿದು, ಬೆವರು ಒರೆಸಿಕೊಳ್ಳುತ್ತ ಮೇಲೆ ಬಂದ. ಗುಂಡಗೆ ಬೆಳೆದ ಆಳು, ಮೀಸೆಯಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಕೂದಲು. ಶಿವಕುಮಾರಿ ಅವನನ್ನು ಬಹಳ ಹೊತ್ತು ನೋಡಿದಳು. ಅವನು ಒಮ್ಮೆ ಕೆಮ್ಮಿದ. ಅವಳು ಅವನತ್ತ ಒಂದು ಹೆಜ್ಜೆ ಇಟ್ಟಳು.

ವಿಭೂತಿ ಗಟ್ಟಿ, ಬಿಲ್ವದ ಎಲೆ, ಹಿಡಿ ಹಿಡಿ ಮಣ್ಣು. ಹೂವಿನ ಹಾರದ ಪ್ಲಾಸ್ಟಿಕ್ ದಾರವನ್ನು ಆದೆಮ್ಮ ಕಡಿದು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು, ಹೂವನ್ನಷ್ಟೇ ಬಿಟ್ಟಳು.

ಮನೆಗೆ ಬಂದು, ಸ್ನಾನ ಮಾಡಿ, ಶಿವಕುಮಾರಿ ಎಮ್ಮೆಗೆ ಹುಲ್ಲು ಹಾಕಲು ಕೊಟ್ಟಿಗೆಗೆ ಹೋದಳು. ಪಡಸಾಲೆಯಲ್ಲಿ ಎಲ್ಲರೂ ಮಾತಾಡುತ್ತಿದ್ದರು. ಸತ್ತವಳು ಬೆಂಕಿಪೆಟ್ಟಿಗೆಯ ಖಾಲಿ ಡಬ್ಬಿಯನ್ನೂ ಬಿಡುತ್ತಿರಲಿಲ್ಲ ಎಂದು ಅಮರಗುಂಡಪ್ಪ ಹೇಳುತ್ತಿದ್ದ, ನಗೆ ಕೇಳುತ್ತಿತ್ತು.

ಗೋದಲಿಯ ಹಿಂದೆ ಎರಡು ಹೊಸ ಕ್ಯಾನು ಇದ್ದವು. ಮೊನ್ನೆ ಗಂಡ ಗದ್ದೆಯಿಂದ ತಂದು ಎಸೆದವು. ಬುಡ ಮೇಲಾಗಿದ್ದವು. ಒಂದರಲ್ಲಿ ಮೂರು ತೂತು. ಇನ್ನೊಂದರಲ್ಲಿ ಒಂದೇ ತೂತು, ಅದರ ಪಕ್ಕದಲ್ಲಿ ಅರ್ಧ ಇಳಿದ ಮೊಳೆ ಹಾಗೇ ನಿಂತಿತ್ತು. ಗುಂಡುಕಲ್ಲು ನೆಲದ ಮೇಲಿತ್ತು, ಕೈ ಈಗಷ್ಟೇ ಬಿಟ್ಟಂತೆ. ನಿನ್ನೆ ಬಸ್ಸಿಳಿದು ಬಂದವಳು ಎದೆ ಉರಿ ತಾಳದೆ ಅಷ್ಟಕ್ಕೇ ಬಿಟ್ಟು ಎದ್ದಿದ್ದಳು.

ಶಿವಕುಮಾರಿ ಕುಕ್ಕರುಗಾಲಲ್ಲಿ ಕೂತಳು. ಕ್ಯಾನನ್ನು ಮೊಣಕಾಲಿನ ನಡುವೆ ಹಿಡಿದು ಕಲ್ಲು ಎತ್ತಿದಳು.

ಟಕ್.

ಪಡಸಾಲೆಯಲ್ಲಿ ಮಾತು ನಿಂತಿತು.

ಟಕ್, ಟಕ್.

ಗೋಡೆಯ ಬಳಿ, ಮುಂಜಾನೆಯಿಂದ ಗುರುಲಿಂಗಮ್ಮ ಕೂತಿದ್ದ ಜಾಗದಲ್ಲಿ, ಈಗಷ್ಟೇ ಇಟ್ಟ ದೀಪ ಉರಿಯುತ್ತಿತ್ತು. ಎಲ್ಲರೂ ಅದನ್ನು ಬಿಟ್ಟು ಕೊಟ್ಟಿಗೆಯ ಬಾಗಿಲ ಕಡೆಗೇ ನೋಡುತ್ತಿದ್ದರು.